ಶೇಕಡಾ ಎಷ್ಟು ಅರ್ಥವಾಗಬೇಕು ಎಂದು ಕೇಳುವವರಿಗೆ: ಮೊದಲು ಕೇಳುಗರು ಯಾರೆಂದು ಹೇಳಿ

ವಾಕ್ ಚಿಕಿತ್ಸಕಿಯಾದ ನನಗೆ ಬರುವ ಪ್ರಶ್ನೆಗಳಲ್ಲಿ ಒಂದು ಅಂಕಿಯ ಬೇಡಿಕೆ ತಪ್ಪದೆ ಇರುತ್ತದೆ. ಮೂರು ವರ್ಷದ ಮಗುವಿನ ಮಾತು ಶೇಕಡಾ ಎಷ್ಟು ಅರ್ಥವಾಗಬೇಕು, ನಾಲ್ಕಕ್ಕೆ ಎಷ್ಟು, ಐದಕ್ಕೆ ಎಷ್ಟು ಎಂದು ಓದುಗರು ಜ್ವರ ಅಳೆದಂತೆ ಕೇಳುತ್ತಾರೆ. ಈ ಬಾರಿ ಬಂದ ಪ್ರಶ್ನೆಗಳಲ್ಲಿ ಕೆಲವು ವಿಯೆಟ್ನಾಮಿ ಮಾತಾಡುವ ಮಕ್ಕಳ ಕುರಿತಾಗಿದ್ದು, ಅಂಕಿಯ ಈ ಹುಚ್ಚು ಎಷ್ಟು ದಾರಿ ತಪ್ಪಿಸಬಲ್ಲದೆಂಬುದನ್ನು ತೋರಿಸಲು ಅವು ಕನ್ನಡದ ಉದಾಹರಣೆಗಳಿಗಿಂತ ಹೆಚ್ಚು ಅನುಕೂಲವಾಗಿವೆ. ಮಗುವಿನ ಶ್ರವಣ ಪರೀಕ್ಷೆ ಆಗಿದೆ ಎಂದು ಭಾವಿಸಿಕೊಂಡೇ ಉತ್ತರಿಸುತ್ತಿದ್ದೇನೆ. ಆಗಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಮಾಡಿಸಿ.

ಪ್ರಶ್ನೆ: ನಾನು ಹಾಸನದವಳು, ಮೆಲ್ಬರ್ನ್ ನಗರದ ಪಶ್ಚಿಮ ಭಾಗದ ಶಿಶುವಿಹಾರವೊಂದರಲ್ಲಿ ಶಿಕ್ಷಕಿ. ನಮ್ಮಲ್ಲಿ ನಾಲ್ಕೂವರೆ ವರ್ಷದ ವಿಯೆಟ್ನಾಮಿ ಹುಡುಗನಿದ್ದಾನೆ. ಅವನ ಮಾತು ನನಗೆ ಅರ್ಧದಷ್ಟೂ ತಿಳಿಯುವುದಿಲ್ಲ. ತಾಯಿಯನ್ನು ಕೇಳಿದರೆ ತನಗೆ ಎಲ್ಲವೂ ಅರ್ಥವಾಗುತ್ತದೆ ಎನ್ನುತ್ತಾರೆ. ಗಂಡುಮಕ್ಕಳಿಗೆ ಮಾತು ತಡ ಎಂಬುದು ಅಜ್ಜಿಯ ಸಮಾಧಾನ. ನಾಲ್ಕು ವರ್ಷಕ್ಕೆ ಶೇಕಡಾ 100ರಷ್ಟು ಅರ್ಥವಾಗಬೇಕೆಂದು ಓದಿದ್ದೇನೆ. ಯಾರನ್ನು ನಂಬಲಿ?

ನಿಮ್ಮನ್ನೂ ನಂಬಿ, ತಾಯಿಯನ್ನೂ ನಂಬಿ. ಅಜ್ಜಿಯ ಸಮಾಧಾನವನ್ನು ಮಾತ್ರ ಬದಿಗಿಡಿ.

ನೀವು ಓದಿದ ಸೂತ್ರದ ಹುಟ್ಟು ನಿಮಗೆ ಗೊತ್ತಿದ್ದರೆ ಅದನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿರಲಿಲ್ಲ. ವಯಸ್ಸನ್ನು ನಾಲ್ಕರಿಂದ ಭಾಗಿಸಿ ಶೇಕಡಾವಾರು ಹೇಳುವ ಈ ಲೆಕ್ಕ 1988ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕೊಪ್ಲನ್ ಮತ್ತು ಗ್ಲೀಸನ್ ಪ್ರಕಟಿಸಿದ ಲೇಖನದಿಂದ ಹರಡಿದ್ದು. ಅಲ್ಲಿ ತಂದೆತಾಯಿಯರನ್ನು ಕೇಳಿದ ಪ್ರಶ್ನೆ, ನಿಮ್ಮ ಮಗುವಿನ ಮಾತಿನಲ್ಲಿ ಎಷ್ಟು ಭಾಗ ಅಪರಿಚಿತರಿಗೆ ತಿಳಿಯುತ್ತದೆ ಎಂಬುದು. ಆ ಅಪರಿಚಿತರನ್ನು ಕೂರಿಸಿ ಕೇಳಿಸಿದ ಲೆಕ್ಕ ಅದಲ್ಲ. ಈಚೆಗೆ ಅಮೆರಿಕದಲ್ಲೇ ಮಕ್ಕಳ ಮಾತನ್ನು ಧ್ವನಿಮುದ್ರಿಸಿ, ನಿಜವಾದ ಅಪರಿಚಿತರಿಂದ ಪದಪದವಾಗಿ ಬರೆಸಿ ನೋಡಿದಾಗ, ಯಾವ ದೋಷವೂ ಇಲ್ಲದ ಮಕ್ಕಳಲ್ಲೇ ಅನೇಕರು ನಾಲ್ಕು ತುಂಬಿದ ಮೇಲೂ ಆ ಗುರಿಯಿಂದ ಬಹಳ ಹಿಂದಿರುವುದು ಕಂಡಿದೆ. ಇಂಗ್ಲಿಷಿಗೇ ಸರಿಯಾಗಿ ಹೊಂದದ ಅಳತೆಯನ್ನು ವಿಯೆಟ್ನಾಮಿಗೆ ಹಚ್ಚುವುದರಲ್ಲಿ ಅರ್ಥವಿಲ್ಲ.

ಮಾತು ಅರ್ಥವಾಗುವುದೆಂಬುದು ಮಗುವಿನ ಬಾಯಿಯೊಳಗೆ ಇರುವ ಗುಣವಲ್ಲ. ಆಡುವವರು, ಕೇಳುವವರು, ಮಾತಿನ ವಿಷಯ, ಮಾತಾಡುವ ಜಾಗ, ಈ ನಾಲ್ಕೂ ಸೇರಿದಾಗ ಹುಟ್ಟುವ ಸಂಗತಿ ಅದು. ಆದ್ದರಿಂದ ಒಂದೇ ಮಗುವಿನ ಬಗ್ಗೆ ಒಂದೇ ದಿನ ಎರಡು ಬೇರೆ ಉತ್ತರಗಳು ಬಂದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ಅರ್ಥವಲ್ಲ.

ವಿಯೆಟ್ನಾಮಿಯಲ್ಲಿ ಇದು ಹೇಗೆ ಕೆಲಸ ಮಾಡುತ್ತದೆಂದು ಒಂದು ಪದದಲ್ಲಿ ನೋಡಿ. ದನಿ ಏರಿಸಿ ‘ಕಾ’ ಎಂದರೆ ಮೀನು, ಅದನ್ನೇ ದನಿ ಇಳಿಸಿ ಹೇಳಿದರೆ ಬದನೆಕಾಯಿ. ಕನ್ನಡ ಲಿಪಿಯಲ್ಲಿ ಎರಡನ್ನೂ ಒಂದೇ ರೀತಿ ಬರೆಯಬೇಕಾಗುತ್ತದೆ. ನಮ್ಮ ಕಿವಿಯೂ ಎರಡನ್ನೂ ಒಂದೇ ರೀತಿ ಕೇಳಿಸಿಕೊಂಡು, ಏರಿಸಿದ್ದನ್ನು ಪ್ರಶ್ನೆಯೆಂದು ತಿಳಿಯುತ್ತದೆ. ಭಾಷಾಶಾಸ್ತ್ರದವರು ತಾನ ಎಂದು ಕರೆಯುವ ಇಂಥ ಏರಿಳಿತಗಳು ಉತ್ತರ ವಿಯೆಟ್ನಾಮಿನಲ್ಲಿ ಆರು, ದಕ್ಷಿಣದಲ್ಲಿ ಎರಡು ಒಂದಾಗಿ ಐದು. ವಿಯೆಟ್ನಾಮಿ ಮಕ್ಕಳು ತಾನಗಳನ್ನು ವ್ಯಂಜನಗಳಿಗಿಂತ ಬಹಳ ಮೊದಲೇ ಹಿಡಿಯುತ್ತಾರೆ. ಗಂಟಲು ಬಿಗಿದು ಹೇಳಬೇಕಾದ ಒಂದೆರಡು ತಾನಗಳು ಮಾತ್ರ ಸ್ವಲ್ಪ ತಡವಾಗುತ್ತವೆ. ಉಚ್ಚಾರಣಾ ದೋಷವಿರುವ ಮಕ್ಕಳಲ್ಲೂ ಸಾಮಾನ್ಯವಾಗಿ ವ್ಯಂಜನಗಳು ಕೆಟ್ಟು ತಾನ ಉಳಿದಿರುತ್ತದೆ. ನಿಮ್ಮ ಹುಡುಗ ಕಕಾರವನ್ನೆಲ್ಲ ತಕಾರ ಮಾಡುವವನು ಎಂದಿಟ್ಟುಕೊಳ್ಳಿ. ಅವನು ಮೀನನ್ನು ದನಿ ಏರಿಸಿ ‘ತಾ’ ಎನ್ನುತ್ತಾನೆ. ಆ ಭಾಷೆಯಲ್ಲಿ ಅದಕ್ಕೆ ಡಜನ್ ಎಂಬ ಬೇರೆಯೇ ಅರ್ಥವಿದೆ. ಆದರೆ ತಾಯಿ ಅಡುಗೆಮನೆಯಲ್ಲಿದ್ದಾಳೆ, ಬಾಣಲೆಯಲ್ಲಿ ಮೀನಿದೆ, ಸ್ವರವೂ ತಾನವೂ ಸರಿಯಿವೆ, ಮಗ ಕಕಾರದ ಬದಲು ಏನು ಹೇಳುತ್ತಾನೆಂಬುದು ಅವಳಿಗೆ ಎರಡು ವರ್ಷದಿಂದ ಗೊತ್ತು. ಅವಳಿಗೆ ತಡವರಿಕೆಯೇ ಇಲ್ಲದೆ ಮೀನೆಂದು ಕೇಳಿಸುತ್ತದೆ. ಅದೇ ಹುಡುಗ ಹಿಂದಿನ ರಾತ್ರಿಯ ಊಟದ ವಿಷಯವನ್ನು ಬೆಳಿಗ್ಗೆ ಶಿಶುವಿಹಾರದಲ್ಲಿ ಹೇಳಿದರೆ ಬಾಣಲೆಯೂ ಇಲ್ಲ, ಎರಡು ವರ್ಷದ ಅಭ್ಯಾಸವೂ ಇಲ್ಲ.

ಕನ್ನಡದಲ್ಲಾದರೆ ಕತ್ತೆಯನ್ನು ‘ತತ್ತೆ’ ಎಂದ ಮಗುವಿಗೆ ಉಳಿದ ಪದ ಆಸರೆಯಾಗುತ್ತದೆ. ವಿಭಕ್ತಿ ಪ್ರತ್ಯಯ ಹತ್ತಿ ಪದ ಉದ್ದವಾದಷ್ಟೂ ಕೇಳುಗನಿಗೆ ಊಹಿಸಲು ಸಾಮಗ್ರಿ ಹೆಚ್ಚು. ವಿಯೆಟ್ನಾಮಿಯಲ್ಲಿ ಜೋಡಿಪದಗಳು ಧಾರಾಳವಾಗಿದ್ದರೂ ಅರ್ಥದ ಮೂಲ ಘಟಕ ಒಂದೇ ಉಚ್ಚಾರಾಂಶದ್ದು. ಪದದ ಮೊದಲಲ್ಲಿ ನಮ್ಮಂತೆ ಒತ್ತಕ್ಷರಗಳೂ ಇಲ್ಲ. ಒಂದು ವ್ಯಂಜನ, ಒಂದು ಸ್ವರ, ಇದ್ದರೆ ಕೊನೆಗೊಂದು ವ್ಯಂಜನ, ಮೇಲೊಂದು ತಾನ, ಅಷ್ಟೇ ಬಂಡವಾಳ. ಅದರಲ್ಲಿ ಮೊದಲ ವ್ಯಂಜನ ಹೋದರೆ ಪದ ಕೆಡುವುದಿಲ್ಲ, ಬೇರೆ ಪದವೇ ಆಗುತ್ತದೆ. ಹಾಗಾಗಿ ಆ ಭಾಷೆ ಬಲ್ಲ ಅಪರಿಚಿತನಿಗೂ ಅಂಥ ಮಗುವಿನ ಮಾತು ಕಷ್ಟವೇ.

ಇನ್ನು ನಿಮ್ಮ ಕಿವಿಯ ವಿಚಾರ. ಹುಡುಗನ ವಿಯೆಟ್ನಾಮಿ ನಿಮಗೆ ಅರ್ಥವಾಗದಿರುವುದು ಅವನ ಬಗ್ಗೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಆ ಭಾಷೆಗೆ ನೀವು ಕೇಳುಗರೇ ಅಲ್ಲ. ಇದನ್ನು ಒರಟಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಭಾಷೆ ತಿಳಿಯದವರು ‘ಈ ಮಗು ಪದಗಳ ಕೊನೆಯನ್ನು ನುಂಗುತ್ತದೆ’ ಎಂದು ಬರೆದು ಕಳಿಸುವ ಟಿಪ್ಪಣಿಗಳಿಗೆ ಕೊನೆಯೇ ಇಲ್ಲ. ವಿಯೆಟ್ನಾಮಿಯಲ್ಲಿ ಪದದ ಕೊನೆಯ ಪಕಾರ, ತಕಾರ, ಕಕಾರಗಳನ್ನು ಬಾಯಿ ಮುಚ್ಚಿ ಅಲ್ಲಿಗೇ ನಿಲ್ಲಿಸುತ್ತಾರೆ, ಗಾಳಿಯನ್ನು ಹೊರಬಿಡುವುದಿಲ್ಲ. ಒಂದು ಎಂಬರ್ಥದ ‘ಮೊತ್’ ಪರಕೀಯ ಕಿವಿಗೆ ‘ಮೊ’ ಎಂದು ಕೇಳಿಸುತ್ತದೆ. ಕಲಿ ಎಂಬರ್ಥದ ‘ಹೊಕ್’ ಪದದ ಕೊನೆಯಲ್ಲಿ ನಾಲಿಗೆಯ ಹಿಂಭಾಗದ ಜೊತೆಗೆ ತುಟಿಗಳೂ ಮುಚ್ಚಿಕೊಳ್ಳುತ್ತವೆ, ಅದನ್ನು ಕಂಡ ಶಿಕ್ಷಕಿ ಮಗು ‘ಹೊಪ್’ ಎನ್ನುತ್ತಿದೆ ಎಂದು ಬರೆದುಕೊಳ್ಳುತ್ತಾಳೆ. ಎರಡೂ ಹನೋಯ್ ನಗರದ ವಾರ್ತಾವಾಚಕನೂ ಹೇಳುವ ರೀತಿಯೇ. ನಮ್ಮ ವರ್ಣಮಾಲೆಯಲ್ಲಿ ಙಕಾರ ಇದ್ದರೂ ಅದರಿಂದ ಆರಂಭವಾಗುವ ಪದ ನಮ್ಮ ಬಾಯಲ್ಲಿ ಇಲ್ಲ. ವಿಯೆಟ್ನಾಮಿನ ಅತಿ ಸಾಮಾನ್ಯ ಮನೆತನದ ಹೆಸರು ಅದರಿಂದಲೇ ಶುರುವಾಗುತ್ತದೆ. ತರಗತಿಯ ಹಾಜರಿ ಪುಸ್ತಕದಲ್ಲಿ ಆ ಹೆಸರನ್ನು ದಿನವೂ ತಪ್ಪಾಗಿ ಕೂಗುವವರು ಮಗುವಿನ ಉಚ್ಚಾರಣೆಯನ್ನು ಅಳೆಯಲು ಹೊರಟರೆ ನನಗೆ ಸಿಟ್ಟು ಬರುತ್ತದೆ.

ಭಾಷೆ ಬಲ್ಲವರೂ ಎಡವುವ ಜಾಗವೊಂದಿದೆ, ಅದು ಪ್ರಾಂತ್ಯಭೇದ. ಆಸ್ಟ್ರೇಲಿಯಾದ ವಿಯೆಟ್ನಾಮಿ ಕುಟುಂಬಗಳಲ್ಲಿ ಬಹಳಷ್ಟು 1975ರ ನಂತರ ದಕ್ಷಿಣದಿಂದ ಬಂದವರ ಪೀಳಿಗೆ. ಮನೆಗೆ ಮರಳು ಎಂಬುದನ್ನು ಉತ್ತರದ ಹನೋಯಿಯವರು ‘ವೇ’ ಎಂದರೆ ದಕ್ಷಿಣದ ಸೈಗಾನಿನವರು, ಅಂದರೆ ಈಗಿನ ಹೋ ಚಿ ಮಿನ್ ನಗರದವರು, ‘ಯೇ’ ಎನ್ನುತ್ತಾರೆ. ಊಟ ಮಾಡು ಎಂಬ ‘ಅನ್’ ದಕ್ಷಿಣದಲ್ಲಿ ಙಕಾರದಲ್ಲಿ ಮುಗಿಯುತ್ತದೆ, ಕಣ್ಣು ಎಂಬ ‘ಮತ್’ ಅಲ್ಲಿ ‘ಮಕ್’ ಆಗುತ್ತದೆ. ಹನೋಯಿಯ ಪಟ್ಟಿ ಹಿಡಿದು ಸೈಗಾನಿನ ಮಗುವನ್ನು ಪರೀಕ್ಷಿಸಿದರೆ ಅರ್ಧಕ್ಕರ್ಧ ತಪ್ಪು ಹಾಕಬಹುದು. ಧಾರವಾಡದ ಮಗು ‘ಹೋಗೂಣು’ ಎಂದದ್ದಕ್ಕೆ ಮೈಸೂರಿನಲ್ಲಿ ಯಾರೂ ಚಿಕಿತ್ಸೆ ಬರೆಯುವುದಿಲ್ಲವಲ್ಲ.

ಹಾಗಾದರೆ ಅಳೆಯುವುದು ಹೇಗೆ? ನಾನು ಮೊದಲು ಕೈಗೆತ್ತಿಕೊಳ್ಳುವುದು 2012ರಲ್ಲಿ ಆಸ್ಟ್ರೇಲಿಯಾದ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯದ ಶಾರಿನ್ ಮ್ಯಾಕ್ಲಿಯಡ್, ಲಿಂಡಾ ಹ್ಯಾರಿಸನ್ ಮತ್ತು ಜೇನ್ ಮೆಕ್‌ಕಾರ್ಮ್ಯಾಕ್ ರೂಪಿಸಿದ ಇಂಟೆಲಿಜಿಬಿಲಿಟಿ ಇನ್ ಕಾಂಟೆಕ್ಸ್ಟ್ ಸ್ಕೇಲ್ ಎಂಬ ಒಂದು ಪುಟದ ಪ್ರಶ್ನಾವಳಿ. ಕಳೆದ ಒಂದು ತಿಂಗಳಲ್ಲಿ ಮಗುವಿನ ಮಾತು ನಿಮಗೆ, ಮನೆಯವರಿಗೆ, ಇತರ ಬಂಧುಗಳಿಗೆ, ಮಗುವಿನ ಸ್ನೇಹಿತರಿಗೆ, ಪರಿಚಯದವರಿಗೆ, ಶಿಕ್ಷಕರಿಗೆ, ಅಪರಿಚಿತರಿಗೆ ಎಷ್ಟು ಅರ್ಥವಾಯಿತು ಎಂಬ ಏಳೇ ಪ್ರಶ್ನೆಗಳು, ಯಾವಾಗಲೂ ಎಂಬುದಕ್ಕೆ 5ರಿಂದ ಎಂದೂ ಇಲ್ಲ ಎಂಬುದಕ್ಕೆ 1ರವರೆಗೆ ಅಂಕ. ಅರವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ. ವಿಯೆಟ್ನಾಮಿ ರೂಪವನ್ನು ಹನೋಯಿಯ ಸಂಶೋಧಕಿ ಫಾಮ್ ಥಿ ಬೆನ್ ಮತ್ತು ಸಂಗಡಿಗರು ಉತ್ತರ ವಿಯೆಟ್ನಾಮಿನ ಮಕ್ಕಳಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಯಾವ ಭಾಷೆಯಲ್ಲಿ ಮಾಡಿದರೂ ಸಾಮಾನ್ಯವಾಗಿ ಕಾಣುವ ಚಿತ್ರ ಒಂದೇ: ಹೆತ್ತವರ ಅಂಕ ಎಲ್ಲಕ್ಕಿಂತ ಮೇಲೆ, ಅಪರಿಚಿತರದು ಎಲ್ಲಕ್ಕಿಂತ ಕೆಳಗೆ. ಅಂದರೆ ನಿಮ್ಮ ಮತ್ತು ಆ ತಾಯಿಯ ನಡುವಿನ ಭಿನ್ನಾಭಿಪ್ರಾಯ ಜಗತ್ತಿನ ನಿಯಮವೇ ಹೊರತು ಜಗಳವಲ್ಲ.

ಏಳರ ಸರಾಸರಿಯನ್ನು ಬರೆದುಕೊಂಡು ಕಡತ ಮುಚ್ಚುವವರೇ ಹೆಚ್ಚು. ನಾನು ಸರಾಸರಿಗಿಂತ ಅಂಕಗಳು ಇಳಿಯುವ ರೀತಿಯನ್ನು ನೋಡುತ್ತೇನೆ. ತಾಯಿಗೆ 5, ಬಂಧುಗಳಿಗೆ 4, ಅಪರಿಚಿತರಿಗೆ 3 ಎಂದಿದ್ದರೆ ನಿಧಾನವಾಗಿ ಯೋಚಿಸಲು ಸಮಯವಿದೆ. ತಾಯಿಗೆ 5, ಉಳಿದ ಎಲ್ಲರಿಗೂ 2 ಎಂದಿದ್ದರೆ ಆ ತಾಯಿ ದಿನವಿಡೀ ದುಭಾಷಿಯಾಗಿದ್ದಾಳೆ ಎಂದರ್ಥ. ತಾಯಿಯೇ 3 ಹಾಕಿದರೆ ಅದೇ ವಾರ ವಾಕ್ ಚಿಕಿತ್ಸಕರಲ್ಲಿಗೆ ಕಳಿಸಿಕೊಡಿ. ಜೊತೆಯಲ್ಲೇ ವಾಸಿಸುವ ಅಜ್ಜಿಯನ್ನು ಬಂಧುಗಳ ಸಾಲಿಗೆ ಹಾಕಬೇಡಿ. ದಿನವೂ ಊಟ ಮಾಡಿಸುವವರು ಮನೆಯವರೇ ಎಂಬುದು ನನ್ನ ಅಭಿಪ್ರಾಯ. ವಿಯೆಟ್ನಾಮಿ ಮನೆಗಳಲ್ಲೂ ನಮ್ಮ ಮನೆಗಳಲ್ಲಿರುವಂತೆ ಅಂಥ ಅಜ್ಜಿಯರು ಬಹಳ. ಅಕ್ಕ ಅಣ್ಣಂದಿರಿದ್ದರೆ ಅವರು ಪಕ್ಕದಲ್ಲಿ ನಿಂತು ಅರ್ಥ ಹೇಳಿಕೊಡುತ್ತಾರೆಯೇ ಎಂದು ಕೇಳಿ, ಏಕೆಂದರೆ ಹಾಗೆ ಸಿಕ್ಕ ಅರ್ಥವೂ ಹೆತ್ತವರ ಲೆಕ್ಕದಲ್ಲಿ ಮಗುವಿನ ಖಾತೆಗೇ ಜಮೆಯಾಗಿರುತ್ತದೆ. ಎಲ್ಲಾ ಅರ್ಥವಾಗುತ್ತದೆ ಎನ್ನುವ ತಾಯಿಗೆ ನಾನು ಕೇಳುವ ಒಂದೇ ಪ್ರಶ್ನೆ, ಊರಿನಲ್ಲಿರುವ ಅಜ್ಜ ಚಿತ್ರವಿಲ್ಲದೆ ಬರೀ ಫೋನಿನಲ್ಲಿ ಮಾತಾಡಿದರೆ ಇವನು ಹೇಳಿದ್ದು ಅವರಿಗೆ ತಿಳಿಯುತ್ತದೆಯೇ ಎಂಬುದು. ಅಲ್ಲಿ ಕೈಸನ್ನೆಯೂ ಇಲ್ಲ, ಬಾಣಲೆಯೂ ಇಲ್ಲ. ಉತ್ತರ ಬರುವ ಮೊದಲು ತಾಯಿ ಮಗನ ಮುಖ ನೋಡಿದರೆ ನನಗೆ ಬೇಕಾದ ಮಾಹಿತಿ ಸಿಕ್ಕಿರುತ್ತದೆ.

ಈ ಪ್ರಶ್ನಾವಳಿಯನ್ನು ಎರಡು ಸಲ ತುಂಬಿಸಿ, ವಿಯೆಟ್ನಾಮಿಗೊಂದು, ಇಂಗ್ಲಿಷಿಗೊಂದು. ಇಂಗ್ಲಿಷಿನಲ್ಲಿ ಮಾತ್ರ ತೊಡಕಿದ್ದು, ಬಸ್ ಎಂಬುದರ ಸಕಾರ ಬಿಡುವುದು, ಸ್ಪೂನ್ ಎಂಬುದನ್ನು ‘ಪೂನ್’ ಎನ್ನುವುದು ಇಷ್ಟೇ ಆಗಿದ್ದರೆ ಅದು ಮನೆಭಾಷೆಯ ಪ್ರಭಾವ, ಏಕೆಂದರೆ ವಿಯೆಟ್ನಾಮಿಯಲ್ಲಿ ಪದದ ಕೊನೆಗೆ ಸಕಾರವೂ ಬರುವುದಿಲ್ಲ, ಮೊದಲಿಗೆ ಅಂಥ ಸಂಯುಕ್ತಾಕ್ಷರವೂ ಇಲ್ಲ. ಅದಕ್ಕೆ ಚಿಕಿತ್ಸೆ ಬೇಡ. ಆದರೆ ಎರಡೂ ಭಾಷೆಗಳಲ್ಲಿ ಇರುವ ಕಕಾರ ಎರಡರಲ್ಲೂ ತಕಾರವಾಗುತ್ತಿದ್ದರೆ, ಅದೇ ಪ್ರಾಂತ್ಯದ ವಿಯೆಟ್ನಾಮಿ ಅಂಗಡಿಯವನಿಗೂ ಹುಡುಗ ಏನು ಕೇಳಿದನೆಂದು ತಿಳಿಯದಿದ್ದರೆ, ನಾಲ್ಕೂವರೆ ವರ್ಷಕ್ಕೆ ಅದು ಕಾಯುವ ವಿಷಯವಲ್ಲ. ಚಿಕಿತ್ಸಕರಲ್ಲಿಗೆ ಹೋಗುವಾಗ ಅವನು ತನಗಿಷ್ಟವಾದ ಯಾವುದೋ ಸಂಗತಿ ಹೇಳುವ ಕೆಲವು ನಿಮಿಷಗಳ ಧ್ವನಿಮುದ್ರಣ ಒಯ್ಯಲು ತಾಯಿಗೆ ಹೇಳಿ. ಅದನ್ನು ವಿಷಯ ಗೊತ್ತಿಲ್ಲದ ವಿಯೆಟ್ನಾಮಿ ಕೇಳುಗರೊಬ್ಬರು ಒಮ್ಮೆ ಮಾತ್ರ ಕೇಳಿ ಬರೆಯಬೇಕು. ಎರಡನೇ ಸಲ ಕೇಳುವವರು ಅಪರಿಚಿತರಾಗಿ ಉಳಿದಿರುವುದಿಲ್ಲ. ಇಷ್ಟಾದ ಮೇಲೆ ಬರುವ ಶೇಕಡಾವಾರನ್ನು ನಾನು ಒಪ್ಪುತ್ತೇನೆ, ಏಕೆಂದರೆ ಅದು ಯಾರ ಕಿವಿಯ ಲೆಕ್ಕವೆಂದು ನನಗೆ ಗೊತ್ತಿರುತ್ತದೆ.

ಪ್ರಶ್ನೆ: ನಾವು ಕೆಲಸದ ನಿಮಿತ್ತ ಹನೋಯಿಯಲ್ಲಿದ್ದೇವೆ. ಮನೆಗೆಲಸದಾಕೆಯಿಂದ ವಿಯೆಟ್ನಾಮಿ ಕಲಿತ ನಮ್ಮ ಐದು ವರ್ಷದ ಮಗಳು ಊರಿನ ಹೆಸರನ್ನೇ ‘ಹಾ ಲೋಯ್’ ಎನ್ನುತ್ತಾಳೆ. ನಕಾರ ಲಕಾರ ಅದಲುಬದಲಾಗುವುದು ದೋಷವೇ?

ಮನೆಗೆಲಸದಾಕೆಯ ಊರು ಹೈ ಫೋಂಗ್ ಸುತ್ತಮುತ್ತಲೋ ಎಂದು ಕೇಳಿ ನೋಡಿ. ಕೆಂಪು ನದಿಯ ಮುಖಜಭೂಮಿಯ ಹಲವು ಕಡೆ ದೊಡ್ಡವರೇ ನಕಾರ ಲಕಾರಗಳನ್ನು ಬೆರೆಸಿ ಮಾತಾಡುತ್ತಾರೆ, ಪಟ್ಟಣದವರು ಅದನ್ನು ಕೇಳಿ ನಗುತ್ತಾರೆ. ನಿಮ್ಮ ಮಗಳು ಕನ್ನಡದಲ್ಲಿ ನಲ್ಲಿಯನ್ನು ನಲ್ಲಿ ಎಂದೇ ಹೇಳುತ್ತಿದ್ದರೆ ಅವಳು ಕೇಳಿದ್ದನ್ನು ಸರಿಯಾಗಿ ಕಲಿತಿದ್ದಾಳೆ. ತಿದ್ದುವ ನೆಪದಲ್ಲಿ ಆ ಹೆಂಗಸನ್ನು ಅವಮಾನಿಸಬೇಡಿ.

ಪ್ರಶ್ನೆ: ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿದರೆ ಮಾತು ಸ್ಪಷ್ಟವಾಗುತ್ತದೆಯೇ? ವಿಯೆಟ್ನಾಮಿನಲ್ಲಿ ನಮ್ಮ ಪರಿಚಯದವರೊಬ್ಬರ ಮಗುವಿಗೆ ಹಾಗೆ ಸಲಹೆ ನೀಡಿದ್ದಾರೆ.

ಬೆಂಗಳೂರಿನಲ್ಲೂ ನೀಡುತ್ತಾರೆ. ಹಾಲು ಕುಡಿಯಲಾಗದ ಶಿಶುವಿನಲ್ಲಿ ಆ ಪೊರೆಯ ವಿಚಾರವೇ ಬೇರೆ, ಅದನ್ನು ಮಕ್ಕಳ ವೈದ್ಯರು ನೋಡಿಕೊಳ್ಳುತ್ತಾರೆ. ಆದರೆ ನಾಲ್ಕು ವರ್ಷದ ಮಗು ಕಕಾರವನ್ನು ತಕಾರ ಮಾಡುತ್ತಿರುವಾಗ ನಾಲಿಗೆಯ ತುದಿಯ ಪೊರೆಯನ್ನು ಕತ್ತರಿಸಬೇಕೆನ್ನುವವರು ತಕಾರವನ್ನೇ ನಾಲಿಗೆಯ ತುದಿಯಿಂದ ಹೇಳುತ್ತೇವೆಂಬುದನ್ನು ಒಂದು ಕ್ಷಣವೂ ಯೋಚಿಸಿಲ್ಲ. ಕಟ್ಟಿಹಾಕಲ್ಪಟ್ಟಿದೆಯೆಂದು ಅವರು ಹೇಳುವ ತುದಿಯೇ ಆ ಮಗುವಿನಲ್ಲಿ ಅತಿ ಹೆಚ್ಚು ದುಡಿಯುತ್ತಿದೆ. ಬಹುಪಾಲು ಉಚ್ಚಾರಣಾ ದೋಷಗಳಿಗೆ ಬಾಯಿಯ ರಚನೆ ಕಾರಣವಲ್ಲ. ಧ್ವನಿಗಳ ನಡುವಿನ ವ್ಯತ್ಯಾಸವನ್ನು ಮಗು ತನ್ನೊಳಗೆ ಹೊಂದಿಸಿಕೊಂಡ ಕ್ರಮದಲ್ಲಿ ತೊಡಕಿರುತ್ತದೆ, ಅದನ್ನು ಕತ್ತರಿಯಿಂದ ಸರಿಪಡಿಸಲಾಗದು. ವಾಕ್ ಚಿಕಿತ್ಸಕರು ನೋಡುವ ಮೊದಲು ಯಾರಾದರೂ ಶಸ್ತ್ರಚಿಕಿತ್ಸೆಗೆ ದಿನಾಂಕ ಕೊಟ್ಟರೆ ಆ ದಿನ ಹೋಗಬೇಡಿ. ನಾನು ಈ ವಿಷಯದಲ್ಲಿ ಅತಿ ಜಾಗರೂಕಳೆಂದು ಸಹೋದ್ಯೋಗಿಗಳು ಹೇಳುತ್ತಾರೆ, ಹೇಳಲಿ.

ಪ್ರಶ್ನೆ: ಬಜೆ ತೇದು, ಜೇನುತುಪ್ಪದಲ್ಲಿ ಬೆರೆಸಿ ನಾಲಿಗೆಗೆ ಹಚ್ಚಿದರೆ?

ಯಾವ ಭಾಷೆಯ ವ್ಯಂಜನವೂ ಅದರಿಂದ ಬರುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯ ಕೂಡ.

ಪ್ರಶ್ನೆ: ಮನೆಯಲ್ಲಿ ವಿಯೆಟ್ನಾಮಿ ನಿಲ್ಲಿಸಿ ಇಂಗ್ಲಿಷ್ ಮಾತ್ರ ಆಡಿದರೆ ಮಗುವಿನ ಮಾತು ಬೇಗ ಸರಿಹೋಗುತ್ತದೆ ಎಂದು ಶಾಲೆಯವರು ಹೇಳಿದ್ದಾರಂತೆ. ನಮ್ಮ ಕನ್ನಡ ಮನೆಗೂ ಇದೇ ಸಲಹೆ ಬಂದಿದೆ.

ಎರಡು ಭಾಷೆಗಳಿಂದ ಉಚ್ಚಾರಣಾ ದೋಷ ಹುಟ್ಟುವುದಿಲ್ಲ, ಒಂದನ್ನು ಕಿತ್ತುಕೊಂಡರೆ ವಾಸಿಯಾಗುವುದೂ ಇಲ್ಲ. ಮಗುವಿನ ಮಾತನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುವ ಕೇಳುಗರು ಮನೆಯಲ್ಲಿದ್ದಾರೆ. ಅವರ ಭಾಷೆಯನ್ನೇ ನಿಲ್ಲಿಸಿದರೆ ಮಗುವಿಗೆ ಉಳಿಯುವುದು ಅರ್ಥವಾಗದೆ ‘ಏನು?’ ಎಂದು ಮತ್ತೆ ಮತ್ತೆ ಕೇಳುವವರು ಮಾತ್ರ. ಇಂಥ ಸಲಹೆ ಕೊಟ್ಟವರಿಂದ ಅದನ್ನು ಲಿಖಿತವಾಗಿ ಕೇಳಿ. ಸಾಮಾನ್ಯವಾಗಿ ಅಲ್ಲಿಗೆ ಮಾತು ಮುಗಿಯುತ್ತದೆ.

ಪ್ರಶ್ನೆ: ಮೊಬೈಲ್ ಆಪ್ ಒಂದು ಮಗುವಿನ ಮಾತು ಶೇಕಡಾ 62 ಸ್ಪಷ್ಟ ಎಂದು ತೋರಿಸಿದೆ.

ಮೊಬೈಲಿಗೆ ಸ್ಪಷ್ಟವಾಗಬೇಕಾದ ಅಗತ್ಯ ಮಗುವಿಗಿಲ್ಲ.

ಪ್ರಶ್ನೆ: ನಾನು ಮೈಸೂರಿನಲ್ಲಿ ವಾಕ್ ಶ್ರವಣ ವಿಜ್ಞಾನದ ವಿದ್ಯಾರ್ಥಿ. ವಿಯೆಟ್ನಾಮಿ ಮಗುವೊಂದು ಬಂದರೆ ಕನ್ನಡದ ಉಚ್ಚಾರಣಾ ಪರೀಕ್ಷೆಯ ಪದಗಳನ್ನು ಅನುವಾದಿಸಿ ಬಳಸಬಹುದೇ? ಅಲ್ಲಿ ಈ ವೃತ್ತಿಯೇ ಹೊಸದೆಂದು ಕೇಳಿದ್ದೇನೆ.

ಬಳಸಬಾರದು. ಪದವನ್ನು ಅನುವಾದಿಸಿದರೆ ಅರ್ಥ ದಾಟುತ್ತದೆ, ಧ್ವನಿ ದಾಟುವುದಿಲ್ಲ. ಕನ್ನಡದ ಪಟ್ಟಿ ಟಕಾರ ತಕಾರಗಳ ಭೇದವನ್ನು, ದ್ವಿತ್ವವನ್ನು, ಒತ್ತಕ್ಷರಗಳನ್ನು ಹುಡುಕಲು ಕಟ್ಟಿದ್ದು. ಅದರ ಅನುವಾದದಲ್ಲಿ ವಿಯೆಟ್ನಾಮಿಯ ಕೊನೆವ್ಯಂಜನಗಳು ಎಷ್ಟು ಬಂದವು, ಯಾವ ತಾನ ಬಿಟ್ಟುಹೋಯಿತು ಎಂಬುದು ಕೇವಲ ಆಕಸ್ಮಿಕ. ಫಾಮ್ ಥಿ ಬೆನ್ ಮತ್ತು ಮ್ಯಾಕ್ಲಿಯಡ್ ಉತ್ತರ ವಿಯೆಟ್ನಾಮಿನ ಮಕ್ಕಳು ವ್ಯಂಜನ, ಸ್ವರ, ತಾನಗಳನ್ನು ಕಲಿಯುವ ಕ್ರಮವನ್ನು ದಾಖಲಿಸಿದ್ದಾರೆ, ಮೊದಲು ಅದನ್ನು ಓದಿ. ವೃತ್ತಿ ಹೊಸದೆಂಬುದು ನಿಜ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಆರಂಭವಾಯಿತು. ವಿಯೆಟ್ನಾಮಿನಲ್ಲಿ ವಾಕ್ ಚಿಕಿತ್ಸೆಯ ಮೊದಲ ವ್ಯವಸ್ಥಿತ ತರಬೇತಿ ಶುರುವಾದದ್ದು 2010ರಲ್ಲಿ, ಹೋ ಚಿ ಮಿನ್ ನಗರದ ಫಾಮ್ ಙೊಕ್ ಥಾಕ್ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ, ಆಸ್ಟ್ರೇಲಿಯಾದ ಟ್ರಿನ್ ಫೌಂಡೇಶನ್ ನೆರವಿನೊಂದಿಗೆ. ಹಾಗೆಂದು ಅಲ್ಲಿನವರಿಗೆ ತಿಳಿಯದು, ನಾವು ಇಲ್ಲಿಂದ ಹೇಳಿಕೊಡುತ್ತೇವೆ ಎಂಬ ಭಾವನೆ ನಿಮ್ಮ ಪ್ರಶ್ನೆಯಲ್ಲಿ ಇಣುಕುತ್ತಿದೆ, ಅದನ್ನು ಬಿಡಿ. ನಿಮ್ಮ ಮುಂದೆ ಅಂಥ ಮಗು ಬಂದರೆ ನೀವು ಮಾಡಬಹುದಾದದ್ದು ಶ್ರವಣ ಪರೀಕ್ಷೆ, ಬಾಯಿಯ ಪರೀಕ್ಷೆ, ವಿಯೆಟ್ನಾಮಿ ರೂಪದ ಆ ಏಳು ಪ್ರಶ್ನೆಗಳು ಮತ್ತು ಒಳ್ಳೆಯ ಧ್ವನಿಮುದ್ರಣ. ಯಾವ ಧ್ವನಿ ತಪ್ಪು, ಯಾವುದು ಪ್ರಾಂತ್ಯದ ರೂಢಿ ಎಂಬ ತೀರ್ಮಾನವನ್ನು ಅದೇ ಪ್ರಾಂತ್ಯದ ಭಾಷೆ ಬಲ್ಲ ಚಿಕಿತ್ಸಕರಿಗೆ ಕಳಿಸಿ. ಕುಟುಂಬ ಉತ್ತರದ್ದೋ ದಕ್ಷಿಣದ್ದೋ ಎಂಬುದನ್ನು ಧ್ವನಿಮುದ್ರಣದ ಜೊತೆಯಲ್ಲೇ ಬರೆದು ಕಳಿಸುವುದನ್ನು ಮರೆಯಬೇಡಿ.